ಐದು ಹಸುವಿನ ಕೊಟ್ಟಿಗೆಗೆ ಎಷ್ಟು ಖರ್ಚಾಗುತ್ತೆ?

ಹಸು ಸಾಕಬೇಕು ಅಂತ ಮನಸ್ಸು ಮಾಡಿದವರು ನನ್ನನ್ನು ಮೊದಲು ಕೇಳುವುದು ಇದೊಂದೇ ಮಾತು. ‘ಐದು ಸೀಮೆ ಹಸುವಿಗೆ ಕೊಟ್ಟಿಗೆ ಕಟ್ಟಬೇಕಣ್ಣ, ಚದರಡಿಗೆ ಎಷ್ಟು ಬೀಳುತ್ತೆ?’ ನಮ್ಮ ತಿಪಟೂರು ಕಡೆಯವರೂ ಕೇಳುತ್ತಾರೆ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರುವ ಹುಡುಗರೂ ಕೇಳುತ್ತಾರೆ.

ಒಂದು ಅಂಕಿ ಹೇಳಿ ಕಳಿಸುವುದು ಸುಲಭ. ಆದರೆ ಅದರಿಂದ ಅವರಿಗೆ ಪ್ರಯೋಜನ ಇಲ್ಲ. ಸಿಮೆಂಟು, ಕಬ್ಬಿಣದ ರೇಟು ತಿಂಗಳಿಗೊಂದು ಥರ ಇರುತ್ತದೆ. ಅದಕ್ಕೇ ನಾನು ದುಡ್ಡು ಎಷ್ಟು ಅನ್ನುವ ಮೊದಲು ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಹೇಳುತ್ತೇನೆ. ಕೆಳಗಿನಿಂದ ಮೇಲಕ್ಕೆ ಖರ್ಚು ಮಾಡಿ. ನೆಲ, ಚರಂಡಿ, ನೀರು ಮೊದಲು. ಚಾವಣಿ ಆಮೇಲೆ. ಗೋಡೆ ಕೊನೆಗೆ, ದುಡ್ಡು ಉಳಿದರೆ. ನಮ್ಮಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ರಸ್ತೆಗೆ ಕಾಣುವ ಬಣ್ಣದ ಶೀಟಿಗೂ ಗೋಡೆಗೂ ಸುರಿದು, ನೆಲಕ್ಕೆ ಬರುವ ಹೊತ್ತಿಗೆ ಕೈ ಬರಿದಾಗಿರುತ್ತದೆ. ಹಸು ಮಲಗುವುದು ನೆಲದ ಮೇಲೆ ಅಲ್ವಾ? ಕೆಚ್ಚಲು ತಾಗುವುದೂ ಅದಕ್ಕೇ.

ಮೊದಲು ಜಾಗದ ಲೆಕ್ಕ. ಸೀಮೆ ಹಸುವಿಗೆ ನಿಲ್ಲಲು ಐದೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ ಬೇಕು. ಐದು ಹಸು ಒಂದೇ ಸಾಲಿನಲ್ಲಿ ಕಟ್ಟಿದರೆ 20 ಅಡಿ ಆಯಿತು. ಕರುಗಳಿಗೆ, ಓಡಾಟಕ್ಕೆ ಇನ್ನೊಂದು 5 ಅಡಿ ಸೇರಿಸಿ, 25 ಅಡಿ ಉದ್ದ. ಅಗಲಕ್ಕೆ ಬನ್ನಿ. ಮೇವು ಹಾಕಲು ಓಡಾಡುವ ದಾರಿ 4 ಅಡಿ, ಹಸು ಮೇವು ತಿನ್ನುವ ಗೋದಲಿ ಎರಡೂವರೆ, ಹಸು ನಿಲ್ಲುವ ಜಾಗ ಐದೂವರೆ, ಗಂಜಲದ ಚರಂಡಿ ಒಂದು ಅಡಿ, ಹಿಂದೆ ಸಗಣಿ ಬಾಚಲು ಮತ್ತೆ 4 ಅಡಿ. ಒಟ್ಟು 17 ಅಡಿ. ಅಂದರೆ ನೆಲ 425 ಚದರಡಿ.

ಈಗ ಚಾವಣಿ ಲೆಕ್ಕ ಹಾಕಿ. ಇರಚಲು ಒಳಗೆ ಬರದಂತೆ ಸುತ್ತ ಎರಡೂವರೆ ಅಡಿ ಸೂರು ಹೊರಗೆ ಚಾಚಬೇಕು. ಆಗ 30 ಅಡಿಗೆ 22 ಅಡಿ, 660 ಚದರಡಿ. ಇಳಿಜಾರು ಸೇರಿದರೆ 700ರ ಹತ್ತಿರ ಹೋಗುತ್ತದೆ. ಗಾರೆ ಮೇಸ್ತ್ರಿ ಚದರಡಿ ಅನ್ನುವುದು ಆ 425ಕ್ಕೆ. ವೆಲ್ಡಿಂಗ್ ಕೆಲಸದವನು ಚದರಡಿ ಅನ್ನುವುದು ಈ 700ಕ್ಕೆ. ಇಬ್ಬರೂ ಹೇಳುವುದು ನಿಜವೇ, ಆದರೆ ಅಳತೆ ಬೇರೆ ಬೇರೆ. ಬಜೆಟ್ ಎಡವುವ ಮೊದಲ ಜಾಗ ಇದು. ಯಾರು ರೇಟು ಹೇಳಿದರೂ ‘ಯಾವುದರ ಚದರಡಿ?’ ಅಂತ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ.

ನೆಲದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ಇಲ್ಲೇ ಅವಸರ ಮಾಡುತ್ತಾರೆ. ಮಣ್ಣು ಚೆನ್ನಾಗಿ ದಮ್ಮಸ್ಸು ಮಾಡಿ, ಅರ್ಧ ಅಡಿ ದಪ್ಪ ಕಲ್ಲು ಹಾಸಿ, ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಹಾಕಬೇಕು. 425 ಚದರಡಿಗೆ ನಾಲ್ಕು ಇಂಚು ಅಂದರೆ ಸುಮಾರು 142 ಘನ ಅಡಿ. ಒಂದು ಪಾಲು ಸಿಮೆಂಟ್, ಎರಡು ಎಂ ಸ್ಯಾಂಡ್, ನಾಲ್ಕು ಜಲ್ಲಿ ಲೆಕ್ಕದಲ್ಲಿ ಸಿಮೆಂಟೇ 25ರಿಂದ 26 ಮೂಟೆ ಬೇಕು. ಎಂ ಸ್ಯಾಂಡ್ ಸುಮಾರು 65 ಘನ ಅಡಿ, ಜಲ್ಲಿ ಅದರ ಎರಡರಷ್ಟು. ಈ ಅಂಕಿ ಹಿಡಿದುಕೊಂಡು ನಿಮ್ಮ ಊರಿನ ಅಂಗಡಿಯಲ್ಲಿ ಇವತ್ತಿನ ರೇಟು ಕೇಳಿ. ನೆಲದ ಸಾಮಾನಿನ ಖರ್ಚು ಐದು ನಿಮಿಷದಲ್ಲಿ ನಿಮ್ಮ ಕೈಲಿರುತ್ತದೆ. ಮೇಸ್ತ್ರಿ 15 ಮೂಟೆ ಸಾಕು ಅಂದರೆ ಎಲ್ಲೋ ದಪ್ಪ ಕಡಿಮೆ ಮಾಡುತ್ತಿದ್ದಾನೆ, ಇಲ್ಲವೇ ಮಿಶ್ರಣ ತೆಳು ಮಾಡುತ್ತಿದ್ದಾನೆ ಅಂತ ನಿಮಗೇ ಗೊತ್ತಾಗುತ್ತದೆ.

ಇಳಿಜಾರು ಇನ್ನೊಂದು. ಹಸು ನಿಲ್ಲುವ ಜಾಗ ಗೋದಲಿಯಿಂದ ಚರಂಡಿ ಕಡೆಗೆ 40 ಅಡಿಗೆ ಒಂದು ಅಡಿ ಲೆಕ್ಕದಲ್ಲಿ ಇಳಿಯಬೇಕು. ಐದೂವರೆ ಅಡಿಗೆ ಸುಮಾರು ಒಂದೂವರೆ ಇಂಚು. ಅದಕ್ಕಿಂತ ಜಾಸ್ತಿ ಕೊಟ್ಟರೆ ಗಬ್ಬದ ಹಸುವಿಗೆ ಕಷ್ಟ. ಚರಂಡಿಗೂ ಅದೇ ಲೆಕ್ಕ, 20 ಅಡಿ ಉದ್ದಕ್ಕೆ ಆರು ಇಂಚು ಇಳಿತ. ಕಣ್ಣಂದಾಜಿಗೆ ಬಿಡಬೇಡಿ. ನೀರು ತುಂಬಿದ ಮಟ್ಟದ ಪೈಪು ಹಿಡಿಸಿ, ದಾರ ಕಟ್ಟಿಸಿ, ಆಮೇಲೆ ಕಾಂಕ್ರೀಟ್ ಸುರಿಸಿ. ಮೇಲ್ಮೈ ನುಣ್ಣಗೆ ಗಾರೆ ಮಾಡಲು ಬಿಡಲೇಬೇಡಿ. ಮೇಸ್ತ್ರಿಗೆ ನುಣುಪು ಮಾಡುವುದೇ ಒಳ್ಳೆ ಕೆಲಸ ಅನ್ನಿಸುತ್ತದೆ, ಮನೆ ಕಟ್ಟಿದ ಕೈ ಅದು. ಆದರೆ ಗಂಜಲ ಬಿದ್ದ ನುಣ್ಣನೆ ನೆಲದಲ್ಲಿ ಹಸು ಜಾರಿ ಸೊಂಟ ಮುರಿದುಕೊಂಡರೆ ಮತ್ತೆ ಏಳುವುದು ಕಷ್ಟ. ಹಸಿ ಇರುವಾಗಲೇ ಸಣ್ಣ ಪೈಪು ಒತ್ತಿ ಗೀರು ಎಳೆಸಿ, ನಾಲ್ಕು ನಾಲ್ಕು ಇಂಚಿಗೆ ಒಂದು, ಚರಂಡಿ ಕಡೆಗೆ ಹರಿಯುವಂತೆ. ಇದಕ್ಕೆ ಖರ್ಚೇನೂ ಇಲ್ಲ. ಎದುರಿಗೆ ನಿಂತು ಮಾಡಿಸಬೇಕು, ಅಷ್ಟೇ.

ನೆಲ ಒದ್ದೆ ನಿಂತರೆ ಕೆಚ್ಚಲು ಬಾವು ಬರುತ್ತದೆ, ಗೊರಸು ಮೆತ್ತಗಾಗಿ ಕುಂಟು ಶುರುವಾಗುತ್ತದೆ. ಚಾವಣಿಯಲ್ಲಿ ತೂತು ಬಿದ್ದರೆ ಮುಂದಿನ ವರ್ಷ ಶೀಟು ಬದಲಿಸಬಹುದು. ನೆಲ ಕೆಟ್ಟರೆ ಹಸುಗಳನ್ನೆಲ್ಲ ಹೊರಗೆ ಕಟ್ಟಿ ಒಡೆಸಬೇಕು. ಅದಕ್ಕೇ ಅಷ್ಟು ಒತ್ತಿ ಹೇಳುತ್ತೇನೆ. ರಬ್ಬರ್ ಮ್ಯಾಟು ಒಳ್ಳೆಯದೇ, ಮೊಣಕಾಲಿಗೆ ಆಸರೆ. ಆದರೆ ಅದನ್ನು ಹಾಲು ಡೇರಿಗೆ ಹೋಗಲು ಶುರುವಾದ ಮೇಲೆ ಒಂದೊಂದಾಗಿ ತರಬಹುದು.

ನೀರಿನ ಲೆಕ್ಕ ಹಾಕದೆ ಕೊಟ್ಟಿಗೆಯ ಜಾಗ ಗುರುತಿಸಬೇಡಿ. ಹಾಲು ಕೊಡುವ ಸೀಮೆ ಹಸು ಬೇಸಿಗೆಯಲ್ಲಿ ದಿನಕ್ಕೆ 80 ಲೀಟರ್ ಕುಡಿದರೂ ಆಶ್ಚರ್ಯ ಇಲ್ಲ. ಮೈ ತೊಳೆಯಲು, ನೆಲ ತೊಳೆಯಲು ಸೇರಿದರೆ ಐದು ಹಸುವಿಗೆ 600–700 ಲೀಟರ್ ಹಿಡಿಯಿರಿ. ಸಾವಿರ ಲೀಟರಿನ ಟ್ಯಾಂಕ್, ಬೋರಿನಿಂದ ಪೈಪು, ಒಂದು ಕುಡಿಯುವ ತೊಟ್ಟಿ, ಇವು ಮೊದಲ ಪಟ್ಟಿಯಲ್ಲೇ ಇರಬೇಕು. ಹಾಗೇ ಹೊರಗೆ ಹೋಗುವ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಿ. ತೋಟ ಕೆಳಗಿದ್ದರೆ ಗಂಜಲದ ನೀರು ತಾನಾಗಿ ತೆಂಗಿನ ಬುಡಕ್ಕೆ ಹರಿಯುತ್ತದೆ, ಪಂಪು ಬೇಡ. ಗೋಬರ್ ಗ್ಯಾಸ್ ಆಸೆ ಇದ್ದರೆ ಎರಡು ಘನ ಮೀಟರಿನ ಗುಂಡಿಗೆ ದಿನಕ್ಕೆ 50 ಕೆಜಿ ಸಗಣಿ ಬೇಕು. ಐದು ದೊಡ್ಡ ಹಸು ಇದ್ದರೆ ಅಷ್ಟು ಆರಾಮಾಗಿ ಸಿಗುತ್ತದೆ. ಈಗ ಕಟ್ಟದಿದ್ದರೂ ಚರಂಡಿಯ ತುದಿಯಲ್ಲಿ ಜಾಗ ಬಿಟ್ಟಿರಿ.

ಚಾವಣಿಗೆ ಬರೋಣ. ನಮ್ಮ ಬಯಲುಸೀಮೆಯಲ್ಲಿ ಉದ್ದ ಪೂರ್ವ–ಪಶ್ಚಿಮಕ್ಕೆ ಇರಲಿ. ಆಗ ಮಧ್ಯಾಹ್ನದ ಬಿಸಿಲು ಹಸುವಿನ ಮೈಮೇಲೆ ಬೀಳುವುದಿಲ್ಲ. ಶೀಟು ಹಾಕುವುದಾದರೆ ಸೂರಿನ ಹತ್ತಿರ ಹತ್ತು ಅಡಿಯಾದರೂ ಎತ್ತರ ಬೇಕು, ನಡುವೆ ಹದಿನೈದರ ತನಕ. ಎಂಟು ಅಡಿಗೆ ಶೀಟು ಇಳಿಸಿ, ಬಿಸಿ ಆಯಿತು ಅಂತ ಫ್ಯಾನು ಹಾಕಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡಡಿ ಪೈಪು ಉಳಿಸಿ ತಿಂಗಳು ತಿಂಗಳು ಕರೆಂಟಿಗೆ ಕಟ್ಟುವುದು ಯಾವ ಲೆಕ್ಕ? ಮಲೆನಾಡು, ಕರಾವಳಿಯ ಮಳೆಯಲ್ಲಿ ಮಾತ್ರ ಬೇರೆ ಯೋಚನೆ ಮಾಡಬೇಕು. ಅಲ್ಲಿ ಸೂರು ಇನ್ನಷ್ಟು ಚಾಚಬೇಕು, ನೆಲ ಒಣಗಲು ಬಿಸಿಲೂ ಒಳಗೆ ಬರಬೇಕು.

ಕಂಬಕ್ಕೆ ನಮ್ಮ ಕಡೆ ಕಲ್ಲು ಕಂಬ ಸಿಕ್ಕರೆ ಅದೇ ಒಳ್ಳೆಯದು. ಗಂಜಲಕ್ಕೆ ಕಲ್ಲು ತುಕ್ಕು ಹಿಡಿಯುವುದಿಲ್ಲ. ಕಬ್ಬಿಣದ ಪೈಪೇ ಆದರೆ ಬುಡವನ್ನು ಒಂದಡಿ ಕಾಂಕ್ರೀಟಿನಿಂದ ಮುಚ್ಚಿಸಿ. ತೂಕವನ್ನೂ ನೋಡಿ. ಎರಡು ಇಂಚಿನ ಚೌಕ ಪೈಪು ಎರಡು ಮಿಲಿಮೀಟರ್ ದಪ್ಪದ್ದಾದರೆ 20 ಅಡಿಯ ಒಂದು ಉದ್ದ ಸುಮಾರು 18 ಕೆಜಿ, ಮೂರು ಮಿಲಿಮೀಟರಿನದ್ದು ಸುಮಾರು 26 ಕೆಜಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೆ ತೂಕದ ಚೀಟಿ ಕೇಳಿ ಇಟ್ಟುಕೊಳ್ಳಿ.

ತೆಂಗಿನ ತೋಟದ ಒಳಗೆ ನೆರಳಿದೆ ಅಂತ ಕೊಟ್ಟಿಗೆ ಕಟ್ಟುವವರಿಗೆ ಒಂದು ಮಾತು. ಸಿಮೆಂಟ್ ಶೀಟಿನ ಮೇಲೆ ಒಂದು ಒಣ ಗರಿ ಮಟ್ಟೆ ಸಮೇತ ಬಿದ್ದರೂ ಬಿರುಕು ಬಿಡುತ್ತದೆ. ಕಾಯಿ ಬಿದ್ದರಂತೂ ತೂತೇ. ಮರದ ಸಾಲಿನಿಂದ ಆಚೆಗೆ ಸರಿಯಿರಿ, ಇಲ್ಲವೇ ತಗಡಿನ ಶೀಟು ಹಾಕಿ. ತೀರಾ ತೆಳ್ಳಗಿನ ತಗಡು ಬೇಡ, ಅರ್ಧ ಮಿಲಿಮೀಟರಿನ ಹತ್ತಿರದ್ದು ತನ್ನಿ. ಏಪ್ರಿಲ್–ಮೇ ತಿಂಗಳ ಮಳೆಗೆ ಮುಂಚೆ ಬರುವ ಗಾಳಿಗೆ ತೆಳು ಶೀಟು ಸ್ಕ್ರೂ ಸಮೇತ ಕಿತ್ತುಕೊಂಡು ಹೋಗುತ್ತದೆ.

ಗೋಡೆ ವಿಷಯ ಚಿಕ್ಕದು. ಗಾಳಿ, ಮಳೆ ಹೊಡೆಯುವ ಕಡೆ ನಾಲ್ಕು ಅಡಿ ಗೋಡೆ ಸಾಕು, ಉಳಿದ ಕಡೆ ಪೈಪಿನ ಅಡ್ಡ. ಕಟ್ಟಿದ ಗೋಡೆಗೆ ಪ್ಲಾಸ್ಟರಿಂಗ್ ಮಾಡಿಸಿ. ಸಂದುಗಳಲ್ಲಿ ರಕ್ತ ಹೀರುವ ಉಣ್ಣೆ ಹುಳ ಸೇರಿಕೊಂಡರೆ ಔಷಧಿ ಹೊಡೆದು ಸಾಕಾಗುತ್ತದೆ. ಕರೆಂಟಿನಲ್ಲಿ ಮಾತ್ರ ಒಂದು ರೂಪಾಯಿಯೂ ಉಳಿಸಬೇಡಿ. ಒದ್ದೆ ನೆಲ, ಕಬ್ಬಿಣದ ಕಂಬ, ಬರಿಗಾಲಿನ ಹಸು. ನಮಗೆ ಜುಮ್ಮೆನ್ನುವಷ್ಟು ಕರೆಂಟು ಹಸುವಿನ ಜೀವ ತೆಗೆಯಬಹುದು. ಒಳ್ಳೆ ಅರ್ಥಿಂಗ್, ಸೋರಿಕೆಯಾದರೆ ತಾನಾಗಿ ಬೀಳುವ ಸ್ವಿಚ್ಚು, ಎರಡೂ ಬೇಕೇ ಬೇಕು.

ಇಷ್ಟೆಲ್ಲ ಕೇಳಿ ಕೆಲವರ ಮುಖ ಸಪ್ಪಗಾಗುತ್ತದೆ. ಅವರಿಗೆ ಬೇರೆ ದಾರಿ ಇದೆ. ಹಸುಗಳನ್ನು ಕಟ್ಟದೆ ಬಿಟ್ಟು ಸಾಕುವ ಪದ್ಧತಿಯಲ್ಲಿ ಒಂದು ಹಸುವಿಗೆ ಚಾವಣಿ ಇರುವ ಜಾಗ ಸುಮಾರು 40 ಚದರಡಿ, ಬಯಲು ಜಾಗ ಅದರ ಎರಡರಷ್ಟು ಇದ್ದರೆ ಆಯಿತು. ಐದು ಹಸುವಿಗೆ 200 ಚದರಡಿ ಚಾವಣಿ, 400 ಚದರಡಿ ಬೇಲಿಯೊಳಗಿನ ಅಂಗಳ. ಕಟ್ಟಡದ ಖರ್ಚು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಹಸು ತನಗೆ ಬೇಕಾದಾಗ ನೀರು ಕುಡಿಯುತ್ತದೆ, ಬೆದೆಗೆ ಬಂದದ್ದೂ ಬೇಗ ಗೊತ್ತಾಗುತ್ತದೆ. ಮಳೆ ಕಡಿಮೆ ಇರುವ ತುಮಕೂರು, ಚಿತ್ರದುರ್ಗದ ಕಡೆ ಇದು ನನಗೆ ತುಂಬಾ ಇಷ್ಟದ ಪದ್ಧತಿ. ಜಾಗ ಇದ್ದವರು ಇದನ್ನು ಯಾಕೆ ಮಾಡಲ್ಲ ಅಂತ ಬೇಸರವೇ ಆಗುತ್ತದೆ. ಅಂಗಳ ಕೆಸರಾಗದಂತೆ ಎತ್ತರದ ಜಾಗ ನೋಡಬೇಕು, ಹಾಯುವ ಹಸುವನ್ನು ಬೇರೆ ಇಡಬೇಕು.

ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆ ಇದ್ದೇ ಇದೆ. ನರೇಗಾದಲ್ಲಿ ದನದ ಕೊಟ್ಟಿಗೆಗೆ ಕೂಲಿ, ಸಾಮಗ್ರಿ ಸೇರಿ 57,000 ರೂಪಾಯಿ ತನಕ ಕೊಡುತ್ತಿದ್ದರು. ಯೋಜನೆಗಳ ಹೆಸರು, ನಿಯಮ ಬದಲಾಗುತ್ತಲೇ ಇರುತ್ತವೆ, ಈಗಿನ ಮೊತ್ತವನ್ನು ಪಂಚಾಯ್ತಿಯಲ್ಲೇ ಕೇಳಿ. ಇಂಥ ಯೋಜನೆಗಳಲ್ಲಿ ಮಂಜೂರಾತಿ ಆಗುವ ಮೊದಲೇ ಪಾಯ ತೋಡಬಾರದು. ಕೆಲಸಕ್ಕೆ ಮುಂಚೆ, ನಡುವೆ, ಮುಗಿದ ಮೇಲೆ ಫೋಟೋ ತೆಗೆಯುತ್ತಾರೆ. ಮೊದಲ ಫೋಟೋದಲ್ಲಿ ಖಾಲಿ ಜಾಗ ಇರಬೇಕು. ಸಾಮಗ್ರಿಯ ಹಣ ತಡವಾಗಿ ಬರಬಹುದು. ಆದ್ದರಿಂದ ಅದನ್ನು ಕೈಲಿರುವ ದುಡ್ಡು ಅಂತ ಬರೆದುಕೊಳ್ಳಬೇಡಿ, ಬಂದರೆ ಮ್ಯಾಟು ತರೋಣ ಅಂತ ಬರೆದುಕೊಳ್ಳಿ. ಕಿಸಾನ್ ಕ್ರೆಡಿಟ್ ಕಾರ್ಡ್ ಪಶುಸಂಗೋಪನೆಗೂ ಸಿಗುತ್ತದೆ, ಆದರೆ ಅದು ಮೇವು, ಹಿಂಡಿಯಂಥ ಖರ್ಚಿಗೆ. ಅದನ್ನು ಗೋಡೆಗೆ ಹಾಕಬಾರದು.

ಸಾಲ ಮಾಡುವವರು ಬಡ್ಡಿಯನ್ನು ಹಾಲಿನಲ್ಲಿ ಅಳೆದು ನೋಡಿ. ಮೂರು ಲಕ್ಷ ಸಾಲ, ನೂರಕ್ಕೆ ಹತ್ತು ಬಡ್ಡಿ ಅಂದುಕೊಳ್ಳಿ. ವರ್ಷಕ್ಕೆ 30,000, ದಿನಕ್ಕೆ 82 ರೂಪಾಯಿ. ಮೇವು, ಹಿಂಡಿ ಕಳೆದು ಲೀಟರಿಗೆ ಎಂಟು ರೂಪಾಯಿ ಉಳಿದರೆ, ದಿನಾ ಹತ್ತು ಲೀಟರ್ ಹಾಲು ಬಡ್ಡಿಗೇ ಹೋಯಿತು. ಐದರಲ್ಲಿ ಒಂದು ಹಸು ಬ್ಯಾಂಕಿಗೆ ಹಾಲು ಕೊಡುತ್ತಿದೆ ಅಂತ ಅರ್ಥ. ಅಸಲು ಇನ್ನೂ ಬಾಕಿ. ಈ ಲೆಕ್ಕ ಹಾಕಿದ ಮೇಲೆ ಬಣ್ಣದ ಶೀಟಿನ ಆಸೆ ತಾನಾಗಿ ಕಡಿಮೆಯಾಗುತ್ತದೆ. ಹಳೆ ಕೊಟ್ಟಿಗೆ ಇದ್ದವರು ಅದರ ನೆಲ ಕಿತ್ತು ಸರಿಮಾಡಿ, ಹೆಂಚು ತಿರುವಿಸಿದರೆ ಆಗುತ್ತಾ ಅಂತ ಮೊದಲು ನೋಡುವುದೂ ಇದಕ್ಕೇ.

ಹತ್ತು ಹಸುವಿನ ಕನಸಿದ್ದರೂ ಐದಕ್ಕೆ ಕಟ್ಟಿ. ಒಂದು ತುದಿಯಲ್ಲಿ ಗೋಡೆ ಕಟ್ಟದೆ, ಚರಂಡಿ ಆ ಕಡೆಗೂ ಮುಂದುವರಿಯುವಂತೆ ಮಟ್ಟ ಇಟ್ಟುಕೊಂಡರೆ ಮುಂದೆ ಬೆಳೆಸಬಹುದು. ಒಟ್ಟು ಅಂದಾಜಿನ ಮೇಲೆ ನೂರಕ್ಕೆ ಹದಿನೈದು ಪಾಲು ಪಕ್ಕಕ್ಕಿಡಿ. ಪಾಯದಲ್ಲಿ ಬಂಡೆ ಸಿಗಬಹುದು, ಸಿಮೆಂಟಿನ ರೇಟು ಏರಬಹುದು. ಇದರ ಹೊರತಾಗಿ ಮೂರು ತಿಂಗಳ ಮೇವು, ಹಿಂಡಿಯ ದುಡ್ಡು ಬೇರೆಯೇ ಇರಬೇಕು, ಕಟ್ಟಡ ಅದನ್ನು ಮುಟ್ಟಬಾರದು. ಕೊಟ್ಟಿಗೆ ಮುಗಿದ ದಿನ ಹಸು ತರಲು ದುಡ್ಡಿಲ್ಲದೆ ನಿಂತವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೆಲಸ ಶುರು ಮಾಡುವುದು ರಾಗಿ ಒಕ್ಕಣೆ ಮುಗಿದ ಮೇಲೆ, ಜನವರಿ–ಫೆಬ್ರವರಿಯಲ್ಲಿ. ಆಗ ಮಳೆ ಇರುವುದಿಲ್ಲ. ಏಪ್ರಿಲ್ ಗಾಳಿಗೆ ಮುಂಚೆ ಚಾವಣಿ ಬಿಗಿಯಾಗಿರುತ್ತದೆ. ನೆಲಕ್ಕೆ ಎರಡು ವಾರವಾದರೂ ಗೋಣಿಚೀಲ ಹಾಸಿ ನೀರು ಹಾಕಿ, ಇನ್ನೊಂದು ವಾರ ಬಿಟ್ಟು ಹಸು ಕಟ್ಟಿ. ಮೇಸ್ತ್ರಿಯ ಕೊನೆ ಕಂತು ಕೊಡುವ ಮುಂಚೆ ಗೋದಲಿಯ ಪಕ್ಕದಲ್ಲಿ ನಿಂತು ನಾಲ್ಕು ಬಕೆಟ್ ನೀರು ಸುರಿಯಿರಿ. ನೀರು ಎಲ್ಲೂ ನಿಲ್ಲದೆ ಚರಂಡಿ ಸೇರಿದರೆ ಕೊಟ್ಟುಬಿಡಿ. ನಿಂತರೆ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸರಿಮಾಡಿಸಿ, ಆಮೇಲೆ ಕೊಡಿ.