ಮಹಾಸಭೆಯಲ್ಲಿ ಬೇಯದ ಬೇಳೆ

ಅಪ್ಪ ತೀರಿಕೊಂಡ ವರ್ಷ ಸೆಪ್ಟೆಂಬರಿನಲ್ಲಿ ಊರಿಗೆ ಹೋಗಿದ್ದು ಒಂದು ಸಹಿ ಹಾಕೋದಕ್ಕೆ. ಶಿರಸಿ ಸೀಮೆಯ ನಮ್ಮೂರಿನ ಸಹಕಾರಿ ಸೊಸೈಟಿಯಲ್ಲಿ ಅಪ್ಪನ ಹೆಸರಿನಲ್ಲಿದ್ದ ಶೇರಿಗೆ ನಾನೇ ನಾಮಿನಿ. ರಾತ್ರಿ ಬಸ್ಸಿಗೆ ಬೆಂಗಳೂರು ಬಿಡುವುದು, ಬೆಳಿಗ್ಗೆ ಸಹಿ, ಸಂಜೆ ಮತ್ತೆ ಬಸ್ಸು. ಸೆಕ್ರೆಟರಿ ಅರ್ಜಿಯನ್ನು ಮಡಿಸಿ ಡ್ರಾಯರಿಗೆ ಹಾಕಿದರು. "ಇವತ್ತು ಮಹಾಸಭೆ ತಂಗಿ, ಇದೆಲ್ಲಾ ನಾಳೆ. ಕೂತ್ಕ, ಅವಲಕ್ಕಿ ತಿಂದ್ಕಂಡು ಹೋಗು."

ನಾನಿನ್ನೂ ಮೆಂಬರ್ ಅಲ್ಲ, ಓಟಿಲ್ಲ. ಹಿಂದಿನ ಬೆಂಚಿನಲ್ಲಿ ಕೂತೆ.

ನಮ್ಮ ಸೊಸೈಟಿ ಅಂದರೆ ಮೇಲೆ ಆಫೀಸು ಮತ್ತು ಹಾಲ್, ಕೆಳಗೆ ಅಂಗಡಿ. ಅಂಗಡಿಯೊಳಗೆ ಕಾಲಿಟ್ಟರೆ ಮೊದಲು ಬರುವುದು ಹಿಂಡಿಯ ವಾಸನೆ. ಆಮೇಲೆ ಬೆಲ್ಲ. ಅಕ್ಕಿ, ಬೇಳೆ, ಸೋಪು ಒಂದು ಕಡೆ. ಕತ್ತಿ, ಹಗ್ಗ, ಮೈಲುತುತ್ತು, ಸುಣ್ಣ, ರಾಳ ಇನ್ನೊಂದು ಕಡೆ. ಅಡಿಕೆ ತೋಟದವರಿಗೆ ಇವೂ ಕಿರಾಣಿಯೇ. ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯಬೇಕು. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅದಾಗಿ ಒಂದೂವರೆ ತಿಂಗಳಿಗೆ ಇನ್ನೊಂದು ಸಲ. ತಪ್ಪಿದರೆ ಕೊಳೆರೋಗ ಬಂದು ಎಳೆ ಕಾಯಿ ಉದುರಿ ತೋಟದ ತುಂಬಾ ಹಾಸಿಕೊಂಡಿರುತ್ತದೆ. ಆ ಹೊತ್ತಿಗೆ ಯಾರ ಕೈಯಲ್ಲೂ ದುಡ್ಡಿರುವುದಿಲ್ಲ. ಹಾಗಾಗಿ ಎಲ್ಲವೂ ಖಾತೆಗೆ. ಅಡಿಕೆ ಮಾರಿದ ಮೇಲೆ ಲೆಕ್ಕ ಚುಕ್ತಾ.

ಹಾಲಿನ ಗೋಡೆಯ ಮೇಲೆ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಫೋಟೋ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಕಟ್ಟಿದವರು. ಅದರ ಹಿಂದಿನ ವರ್ಷ ಕಾಯ್ದೆ ಬಂದಿತ್ತು, ಇವರು ತಡಮಾಡಲಿಲ್ಲ. ಪಕ್ಕದಲ್ಲಿ ಸಹಕಾರದ ಏಳು ಬಣ್ಣದ ಬಾವುಟ. ಚಿಕ್ಕವಳಿದ್ದಾಗ ನವೆಂಬರಿನ ಸಹಕಾರ ಸಪ್ತಾಹಕ್ಕೆ ಇದೇ ಹಾಲಿನಲ್ಲಿ ಭಾಷಣ ಸ್ಪರ್ಧೆ. ಇಂಗ್ಲೆಂಡಿನ ರಾಚ್‌ಡೇಲ್, 1844, ಇಪ್ಪತ್ತೆಂಟು ಜನ ಕೂಡಿ ತೆರೆದ ಅಂಗಡಿ ಅಂತ ಬಾಯಿಪಾಠ ಒಪ್ಪಿಸಿ ಸ್ಟೀಲ್ ಲೋಟ ಗೆದ್ದಿದ್ದೆ. ಅವರು ಮೊದಲು ಮಾರಿದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದಬತ್ತಿ. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಲಾಭ ಬಂದರೆ ಖರೀದಿ ಮಾಡಿದವರಿಗೇ ಹಂಚಿಕೆ. ಆಗ ಇದೆಲ್ಲ ಬರೀ ಭಾಷಣ.

ವರದಿ ಓದಿದರು. ಕಾಯ್ದೆ ಪ್ರಕಾರ ಲಾಭದಲ್ಲಿ ಕಾಲುಭಾಗ ಕಾದಿಟ್ಟ ನಿಧಿಗೆ ಹೋಗಲೇಬೇಕು, ಡಿವಿಡೆಂಡು ಇಷ್ಟು, ಇತ್ಯಾದಿ. ಮುಂದಿನ ಸಾಲಿನವರು ಆಗಲೇ ತೂಕಡಿಸುತ್ತಿದ್ದರು. ಅಷ್ಟರಲ್ಲಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಕಿರಾಣಿ ವಿಭಾಗ ಸತತ ಎರಡನೇ ವರ್ಷ ನಷ್ಟದಲ್ಲಿದೆ, ಪೇಟೆಯಲ್ಲಿ ಮಾರ್ಟ್ ಬಂದಿದೆ, ಜನ ಅಲ್ಲಿಗೇ ಹೋಗುತ್ತಾರೆ, ಮುಚ್ಚುವುದು ಒಳ್ಳೆಯದು ಅಂತ ಆಡಳಿತ ಮಂಡಳಿಗೆ ಅನಿಸಿದೆ.

ನಿಜ ಹೇಳ್ತೀನಿ, ನನಗೂ ಸರಿ ಅನ್ನಿಸಿತು. ಬೆಂಗಳೂರಿನಲ್ಲಿ ಫೋನ್ ಒತ್ತಿದರೆ ಹತ್ತು ನಿಮಿಷಕ್ಕೆ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರುತ್ತದೆ. ಈ ಕಾಲದಲ್ಲಿ ಸೊಸೈಟಿ ಯಾಕೆ ಬೇಳೆ ಮಾರಬೇಕು?

ಆಗ ಎದ್ದರು ಕೆಳಗಿನಕೇರಿಯ ಅಜ್ಜಿ. ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಸೀದಾ ಮುಂದೆ ಹೋಗಿ ಅಧ್ಯಕ್ಷರ ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದರು. ತೊಗರಿಬೇಳೆ. ಮೇಲೆ ನೀರು, ತಳದಲ್ಲಿ ಹರಳಿನ ಹಾಗೆ ಕಾಳು.

"ಕುಕ್ಕರಿನಾಗೆ ಆರು ಸೀಟಿ ಹೊಡ್ಸಿದ್ದೆ. ನಿಮ್ಮ ಅಂಗ್ಡಿ ಬೇಳೆ ಇದು. ಮುಟ್ಟಿ ನೋಡಿ ಹೆಗಡೇರೇ."

ಹೆಗಡೇರು ಮುಟ್ಟಿ ನೋಡಿದರು. ಹಾಲ್ ತುಂಬಾ ನಗು. "ಜನ ಮಾರ್ಟಿಗೆ ಹೋಗ್ತ್ರು ಅಂದ್ರಲ್ಲ, ಯಾಕೆ ಹೋಗ್ತ್ರು ಹೇಳಿ ಈಗ" ಅಂದರು ಅಜ್ಜಿ. ಹಳೇ ದಾಸ್ತಾನು ಖಾಲಿ ಮಾಡಲಿಕ್ಕೆ ಯಾರು ಹೇಳಿದ್ದು, ಖರೀದಿ ಕಮಿಟಿಯಲ್ಲಿ ಯಾರಿದ್ದಾರೆ, ಅವರ ಮನೆಗೂ ಇದೇ ಬೇಳೆಯಾ, ಒಂದರ ಹಿಂದೆ ಒಂದು ಪ್ರಶ್ನೆ. ಸೆಕ್ರೆಟರಿ ಒಂದೊಂದಕ್ಕೂ ಎದ್ದುನಿಂತು ಉತ್ತರ ಕೊಡಬೇಕಾಯಿತು. ಅಜ್ಜಿಯದು ಒಂದೇ ಶೇರು. ಪಕ್ಕದಲ್ಲಿ ಕೂತ ದೊಡ್ಡ ತೋಟದವರದ್ದು ಎಷ್ಟೋ. ಓಟು ಮಾತ್ರ ಇಬ್ಬರಿಗೂ ಒಂದೊಂದೇ.

ನನ್ನ ಫೋನಿನ ಅಂಗಡಿಯಲ್ಲಿ ಬೇಳೆ ಬೇಯದಿದ್ದರೆ ನಾನೇನು ಮಾಡುತ್ತೇನೆ? ಒಂದು ಸ್ಟಾರ್ ಕೊಡುತ್ತೇನೆ. ಅದನ್ನು ಯಾರಾದರೂ ಓದುತ್ತಾರಾ?

ಆಮೇಲೆ ಮಾತು 2019ಕ್ಕೆ ಹೋಯಿತು. ಆ ಆಗಸ್ಟಿನ ಮಳೆ ನಮ್ಮ ಕಡೆ ಯಾರೂ ಮರೆತಿಲ್ಲ. ಹಳ್ಳ ಉಕ್ಕಿ ದಾರಿ ಕಿತ್ತುಹೋಗಿತ್ತು. ಪೇಟೆಗೆ ಹೋಗುವ ಹಾಗಿಲ್ಲ. ಅಂಗಡಿಯ ಹುಡುಗ ತಲೆ ಮೇಲೆ ಅಕ್ಕಿ ಹೊತ್ತು ಹಳ್ಳದ ಕಾಲುಸಂಕ ದಾಟಿಸಿದ್ದ. ಮರು ವರ್ಷ ಮಾರ್ಚಿನಲ್ಲಿ ಲಾಕ್‌ಡೌನ್. ಆಗ ಮನೆಮನೆಯ ಚೀಟಿ ತಂದು ಜೀಪಿನಲ್ಲಿ ಸಾಮಾನು ಹಂಚಿದ್ದರು, ಬರೆದಿಟ್ಟುಕೊಂಡದ್ದು ಅದೇ ಖಾತೆ ಪುಸ್ತಕದಲ್ಲಿ. "ಆ ವರ್ಷದ ನಷ್ಟ ಯಾವ ಕಾಲಮ್ಮಿನಲ್ಲಿ ಬರೀತ್ರಿ?" ಅಂತ ಒಬ್ಬರು ಮಾಸ್ತರರು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಸಹಕಾರಿ ಅಂದಕೂಡಲೇ ಎಲ್ಲಾ ಹಾಲುಜೇನು ಅಂತ ನಾನೇನೂ ಹೇಳುತ್ತಿಲ್ಲ. ಮೆಂಬರುಗಳ ದುಡ್ಡು ಮುಳುಗಿಸಿದ ಸಂಘದ ಕಥೆ ನಮ್ಮ ನೆಂಟರಲ್ಲೇ ಇದೆ. ಅಲ್ಲೂ ಪ್ರತಿ ವರ್ಷ ಮಹಾಸಭೆ ಆಗುತ್ತಿತ್ತಂತೆ. ಬಂದವರು ಅವಲಕ್ಕಿ ತಿಂದು, ಕೈ ಎತ್ತಿ, ಮನೆಗೆ ಹೋಗುತ್ತಿದ್ದರು. ಡಬ್ಬಿ ತಂದವರು ಇರಲಿಲ್ಲ.

ಮಧ್ಯಾಹ್ನ ಎರಡೂವರೆಗೆ ತೀರ್ಮಾನವಾಯಿತು. ಅಂಗಡಿ ಮುಚ್ಚುವ ವಿಷಯ ಒಂದು ವರ್ಷ ಮುಂದಕ್ಕೆ. ಖರೀದಿ ಕಮಿಟಿಗೆ ಇಬ್ಬರು ಹೆಂಗಸರು. ಅಜ್ಜಿ ಬೇಡವೆಂದರೂ ಅವರ ಹೆಸರನ್ನೇ ಮೊದಲು ಬರೆದರು.

ಬಸ್ಸು ರದ್ದು ಮಾಡಿ ಉಳಿದೆ. ಮರುದಿನ ಸಹಿ ಹಾಕಿ ಕೆಳಗೆ ಬಂದು, ಬಾಕಿ ಇದ್ದರೆ ಕೊಟ್ಟುಬಿಡೋಣ ಅಂತ ಅಪ್ಪನ ಖಾತೆ ತೆಗೆಸಿದೆ. ಉದ್ದನೆಯ ಪುಸ್ತಕ, ಅಂಚು ಎಣ್ಣೆ ಹಿಡಿದು ಮೆತ್ತಗಾಗಿತ್ತು. ಮೈಲುತುತ್ತು, ಸುಣ್ಣ, ಹಿಂಡಿ ಎರಡು ಚೀಲ, ಚಾಪುಡಿ. ಮತ್ತೆ ಪ್ರತಿ ಸೋಮವಾರ, ತಪ್ಪದೇ, ತಂಬಾಕು. ಡಾಕ್ಟರು ಹೇಳಿದ ಮೇಲೆ ಅಪ್ಪ ಕವಳ, ಅಂದರೆ ಎಲೆ-ಅಡಿಕೆ-ತಂಬಾಕು, ಬಿಟ್ಟು ನಾಲ್ಕು ವರ್ಷವಾಯಿತು ಅಂತ ನಾವೆಲ್ಲ ನಂಬಿದ್ದೆವು. ನೆಂಟರ ಮುಂದೆ ಹೊಗಳಿದ್ದೂ ಆಗಿತ್ತು.

ಅಂಗಡಿಯ ಹುಡುಗ ನನ್ನ ಮುಖ ನೋಡಿ ಪುಟ ತಿರುವಲು ಹೋದ. ತಡೆದೆ. ಅಲ್ಲಿಯೇ ನಿಂತು ಎಲ್ಲಾ ಸೋಮವಾರಗಳನ್ನೂ ಓದಿದೆ. ಬಾಕಿ ಕೊಟ್ಟು, ಅರ್ಧ ಕೆಜಿ ಬೆಲ್ಲ ಕಟ್ಟಿಸಿಕೊಂಡು ಮನೆಗೆ ಬಂದು ಅಮ್ಮನಿಗೆ ಹೇಳಿದೆ.

ಅಮ್ಮ ಮಜ್ಜಿಗೆ ಕಡೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಂಗೆ ಗೊತ್ತಿತ್ತು ಬಿಡು" ಅಂದಳು.