ಸಕ್ಕರೆ ಕಾಯಿಲೆಯ ಹೃದಯ: ವ್ಯಾಯಾಮಕ್ಕೆ ಕರಗುವ ಕೊಬ್ಬು, ಕರಗದ ಕೊಬ್ಬು

ಹೃದಯದ ಕೊಬ್ಬು ಅಂದರೆ ಹೆಚ್ಚಿನವರಿಗೆ ನೆನಪಾಗುವುದು ರಕ್ತನಾಳದ ಬ್ಲಾಕೇಜ್. ಇಲ್ಲಿ ಹೇಳುತ್ತಿರುವುದು ಬೇರೆ. ಆಂಜಿಯೋಗ್ರಾಂನಲ್ಲಿ ನಾಳಗಳೆಲ್ಲ ಸ್ವಚ್ಛವಾಗಿ ಕಂಡರೂ ಸಕ್ಕರೆ ಕಾಯಿಲೆಯವರ ಹೃದಯದಲ್ಲಿ ಇನ್ನೆರಡು ಕಡೆ ಕೊಬ್ಬು ಸೇರಿರಬಹುದು. ಒಂದು, ಹೃದಯದ ಹೊರಮೈ ಸುತ್ತ ಪದರವಾಗಿ; ಇನ್ನೊಂದು, ಸ್ನಾಯುಕೋಶದ ಒಳಗೇ ಸಣ್ಣ ಹನಿಗಳಾಗಿ. ವ್ಯಾಯಾಮಕ್ಕೆ ಇವೆರಡೂ ಒಂದೇ ರೀತಿ ಬಗ್ಗುವುದಿಲ್ಲ.

ಹೃದಯಕ್ಕೆ ಕೊಬ್ಬು ಪರಕೀಯವೇನಲ್ಲ. ಅದಕ್ಕೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದೇ ಕೊಬ್ಬಿನಾಮ್ಲಗಳಿಂದ. ಊಟವಾದ ಮೇಲೆ ಇನ್ಸುಲಿನ್ ಏರಿದಾಗ ಮೈಯ ಕೊಬ್ಬಿನ ಕೋಶಗಳು ಕೊಬ್ಬಿನಾಮ್ಲ ಬಿಡುವುದನ್ನು ನಿಲ್ಲಿಸಬೇಕು. ಟೈಪ್ 2 ಮಧುಮೇಹದಲ್ಲಿ ಆ ಕೋಶಗಳು ಇನ್ಸುಲಿನ್ ಮಾತು ಕೇಳುವುದಿಲ್ಲ. ಹೊತ್ತು ಗೊತ್ತಿಲ್ಲದೆ ರಕ್ತಕ್ಕೆ ಕೊಬ್ಬಿನಾಮ್ಲ ಸುರಿಯುತ್ತಲೇ ಇರುತ್ತವೆ. ಹೃದಯದ ಕೋಶ ಉರಿಸಬಲ್ಲದ್ದಕ್ಕಿಂತ ಹೆಚ್ಚು ಒಳಗೆಳೆದುಕೊಂಡು, ಮಿಕ್ಕದ್ದನ್ನು ಟ್ರೈಗ್ಲಿಸರೈಡ್ ಹನಿಯಾಗಿ ಕೂಡಿಡುತ್ತದೆ. ಆ ಹನಿಯೇ ಮುಖ್ಯ ಅಪರಾಧಿ ಅಲ್ಲ. ಚೆನ್ನಾಗಿ ತರಬೇತಾದ ಓಟಗಾರರ ಕಾಲಿನ ಸ್ನಾಯುವಿನಲ್ಲೂ ಅಂಥ ಹನಿಗಳು ಧಾರಾಳವಾಗಿರುತ್ತವೆ, ಅವರಿಗೇನೂ ತೊಂದರೆಯಿಲ್ಲ. ಕೆಡುಕು ಮಾಡುವುದು ಉರಿಯದೆ, ಸರಿಯಾಗಿ ಶೇಖರವೂ ಆಗದೆ ನಡುವೆ ಉಳಿಯುವ ಸೆರಮೈಡ್, ಡೈಅಸೈಲ್‌ಗ್ಲಿಸರಾಲ್‌ನಂಥ ವಸ್ತುಗಳು. ಇವು ಇನ್ಸುಲಿನ್ ಸಂಕೇತವನ್ನು ಇನ್ನಷ್ಟು ಕೆಡಿಸಿ ಕೋಶದ ಶಕ್ತಿಯುತ್ಪಾದಕಗಳಾದ ಮೈಟೋಕಾಂಡ್ರಿಯಾಕ್ಕೂ ಪೆಟ್ಟು ಕೊಡುತ್ತವೆ.

ಸಾಮಾನ್ಯವಾಗಿ ಮೊದಲು ಕುಂದುವುದು ರಕ್ತ ಹೊರದೂಡುವ ಶಕ್ತಿಯಲ್ಲ, ಎಡ ಹೃತ್ಕುಕ್ಷಿ ಸಡಿಲಗೊಂಡು ರಕ್ತ ತುಂಬಿಸಿಕೊಳ್ಳುವ ಶಕ್ತಿ. ಹಾಗಾಗಿ ಎಕೋ ವರದಿಯಲ್ಲಿ 'ಇಎಫ್ 60%' (ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು) ನೋಡಿ ಸಮಾಧಾನಪಡುವ ಮೊದಲು, ಈ ತುಂಬಿಕೊಳ್ಳುವ ಶಕ್ತಿಯನ್ನು ಹೇಳುವ ಡಯಾಸ್ಟೊಲಿಕ್ ಫಂಕ್ಷನ್ ಎಂಬ ಸಾಲನ್ನೂ ಓದಬೇಕು. ಕೋಶದೊಳಗಿನ ಕೊಬ್ಬು ಇಸಿಜಿಯಲ್ಲಾಗಲಿ, ಮಾಮೂಲಿ ಎಕೋದಲ್ಲಾಗಲಿ ಕಾಣುವುದಿಲ್ಲ. ಅದನ್ನು ಅಳೆಯಲು ಎಂಆರ್‌ಐ ಯಂತ್ರದಲ್ಲೇ ಮಾಡುವ ಎಂಆರ್ ಸ್ಪೆಕ್ಟ್ರೋಸ್ಕೋಪಿ ಎಂಬ ಪರೀಕ್ಷೆ ಬೇಕು, ಅದು ಬಹುಮಟ್ಟಿಗೆ ಸಂಶೋಧನೆಗೇ ಸೀಮಿತ.

ನೆದರ್ಲೆಂಡ್ಸ್‌ನ ಸಂಶೋಧಕರು ಹೀಗೆ ಅಳೆದು ನೋಡಿದ್ದಾರೆ. ಮಧುಮೇಹವಿಲ್ಲದ, ತೂಕ ಹೆಚ್ಚಿದ್ದ ಗಂಡಸರಲ್ಲಿ 12 ವಾರಗಳ ತರಬೇತಿಗೆ ಹೃದಯ ಕೋಶದ ಕೊಬ್ಬು ಇಳಿಯಿತು. ಟೈಪ್ 2 ಮಧುಮೇಹ ಇದ್ದವರಲ್ಲಿ ಇಳಿಯಲಿಲ್ಲ. ಆದರೂ ಅವರ ಹೃದಯದ ಪಂಪಿಂಗ್ ಸುಧಾರಿಸಿತು. 6 ತಿಂಗಳ ಇನ್ನೊಂದು ಅಧ್ಯಯನದಲ್ಲೂ ಮಧುಮೇಹಿಗಳ ಕೋಶದೊಳಗಿನ ಕೊಬ್ಬು ಇದ್ದಲ್ಲೇ ಇತ್ತು, ಯಕೃತ್ತಿನ ಕೊಬ್ಬು ಮತ್ತು ಹೃದಯದ ಸುತ್ತಲಿನ ಕೊಬ್ಬು ತಗ್ಗಿತು. ನನ್ನ ಮಟ್ಟಿಗೆ ಇದರರ್ಥ ಸ್ಪಷ್ಟ: ವ್ಯಾಯಾಮ ಹೃದಯಕ್ಕೆ ನೆರವಾಗಲು ಈ ಹನಿ ಕರಗಲೇಬೇಕೆಂದಿಲ್ಲ. ಅದನ್ನೂ ಇಳಿಸಬೇಕೆಂದರೆ ರಕ್ತಕ್ಕೆ ಬರುವ ಕೊಬ್ಬಿನಾಮ್ಲವೇ ತಗ್ಗಬೇಕು, ಅಂದರೆ ತೂಕ ಇಳಿದು ಸಕ್ಕರೆ ಹತೋಟಿಗೆ ಬರಬೇಕು.

ಖಾಲಿ ಹೊಟ್ಟೆಯಲ್ಲಿ ಬೆವರು ಹರಿಸಿದರೆ ಹೃದಯದ ಕೊಬ್ಬು ಉರಿಯುತ್ತದೆ ಎನ್ನುವವರಿಗೆ ಒಂದು ಮಾತು. ಉಪವಾಸದಲ್ಲಿ ದೀರ್ಘ ವ್ಯಾಯಾಮ ಮಾಡಿದರೆ ರಕ್ತದಲ್ಲಿ ಕೊಬ್ಬಿನಾಮ್ಲ ಏರಿ, ಹೃದಯದ ಹನಿಗಳು ಕೆಲ ಗಂಟೆಗಳ ಮಟ್ಟಿಗೆ ಹೆಚ್ಚುತ್ತವೆ. ಎರಡು ಮೂರು ದಿನ ಊಟ ತೀರಾ ಕಡಿತಗೊಳಿಸಿದರೂ ಅಷ್ಟೇ. ಅದೇ ಕಡಿಮೆ ಕ್ಯಾಲೊರಿಯ ಆಹಾರವನ್ನು ವೈದ್ಯರ ನಿಗಾದಲ್ಲಿ 16 ವಾರ ನಡೆಸಿ ತೂಕ ಇಳಿಸಿದಾಗ ಹನಿಗಳು ತಗ್ಗಿವೆ.

ಇನ್ನು ಮಾಡಬೇಕಾದದ್ದು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆ ಅಥವಾ ಸೈಕಲ್, ಅದೂ ಕನಿಷ್ಠ ಮೂರು ದಿನಗಳಿಗೆ ಹಂಚಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು: ಆ ವೇಗ ಸಾಕು. ಬೀಟಾ ಬ್ಲಾಕರ್ (ಬಿಪಿ, ಹೃದಯದ ತೊಂದರೆಗೆ ಕೊಡುವ ಮಾತ್ರೆ) ನುಂಗುವವರು ನಾಡಿ ಎಣಿಸಿ ವೇಗ ನಿರ್ಧರಿಸಬೇಡಿ, ಮಾತ್ರೆ ನಾಡಿಯನ್ನು ತಗ್ಗಿಸಿರುತ್ತದೆ. ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡ, ಏಕೆಂದರೆ ಇನ್ಸುಲಿನ್ ಸಂವೇದನೆಗೆ ಸಿಕ್ಕ ಲಾಭ 24ರಿಂದ 72 ಗಂಟೆಗಳಲ್ಲಿ ಕರಗಿಹೋಗುತ್ತದೆ. ವಾರಕ್ಕೆ ಎರಡು ಮೂರು ಸಲ, ಒಂದರ ಮರುದಿನವೇ ಇನ್ನೊಂದು ಬಾರದಂತೆ, ಭಾರ ಎತ್ತುವ ವ್ಯಾಯಾಮವೂ ಇರಲಿ. 10ರಿಂದ 15 ಸಲ ಎತ್ತುವಷ್ಟರಲ್ಲಿ ಸ್ನಾಯು ದಣಿಯುವಂಥ ಭಾರ. ಉಸಿರು ಬಿಗಿಹಿಡಿದು ಎತ್ತಬೇಡಿ. ಸಕ್ಕರೆಯಿಂದ ಕಣ್ಣಿನ ಅಕ್ಷಿಪಟಕ್ಕಾಗುವ ಹಾನಿ, ಅಂದರೆ ರೆಟಿನೋಪತಿ, ಮುಂದುವರಿದಿದ್ದರೆ ಭಾರ ಮುಟ್ಟುವ ಮೊದಲೇ ಕಣ್ಣಿನ ವೈದ್ಯರನ್ನು ಕೇಳಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರದ ಮಾತ್ರೆ ತೆಗೆದುಕೊಳ್ಳುವವರಿಗೆ ಹೊರಡುವ ಮೊದಲು ರಕ್ತದ ಸಕ್ಕರೆ 90 mg/dLಗಿಂತ ಕಡಿಮೆ ಇದ್ದರೆ 15ರಿಂದ 30 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. 250 mg/dL ದಾಟಿ ಕೀಟೋನ್ (ಇನ್ಸುಲಿನ್ ಸಾಲದೆ ಕೊಬ್ಬು ಒಡೆದಾಗ ಹುಟ್ಟುವ ಆಮ್ಲ) ಕೂಡ ಇದ್ದರೆ ಅಂದು ವ್ಯಾಯಾಮ ಬೇಡ. ಸಂಜೆ ಜೋರಾಗಿ ಮಾಡಿದರೆ ಸಕ್ಕರೆ ನಡುರಾತ್ರಿ ಕುಸಿಯಬಹುದು, ಮಲಗುವ ಮುನ್ನ ಪರೀಕ್ಷಿಸಿ. ನಡೆಯುವ ಸ್ವಲ್ಪ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳುವುದಿದ್ದರೆ ತೊಡೆಗೆ ಬೇಡ. ದುಡಿಯುವ ಕಾಲಿನಿಂದ ಅದು ಬೇಗ ರಕ್ತಕ್ಕೆ ಸೇರುತ್ತದೆ. ಸಕ್ಕರೆ ಕಾಯಿಲೆಯಿಂದ ನರ ಮಂಕಾದವರಲ್ಲಿ ಹೃದಯಾಘಾತ ಎದೆನೋವಿಲ್ಲದೆಯೂ ಬರುತ್ತದೆ. ನಿನ್ನೆ ಸಲೀಸಾಗಿ ನಡೆದ ದೂರಕ್ಕೆ ಇಂದು ಏದುಸಿರು, ತಣ್ಣನೆ ಬೆವರು, ದವಡೆ ಅಥವಾ ತೋಳಿನ ಸೆಳೆತ ಬಂದರೆ ಅಲ್ಲೇ ನಿಂತು, ತಡಮಾಡದೆ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.