ನಡುವೆ ಸಮ, ಎರಡೂ ತುದಿಗೆ ವಾರೆ

ನನ್ನ 500 ಸೈಜಿನ ರಿಮೋಟ್ ಕಂಟ್ರೋಲ್ ಹೆಲಿಕಾಪ್ಟರಿನ ಸ್ವಾಶ್‌ಪ್ಲೇಟ್ (ಬ್ಲೇಡುಗಳ ಕೋನ ಬದಲಿಸುವ ತಟ್ಟೆ) ಕೊನೆಗೂ ಮೇಲೂ ಕೆಳಗೂ ಸಮವಾಗಿ ನಿಂತಿದೆ. ನಾಲ್ಕು ಸಂಜೆ ತಿಂದ ಕೆಲಸ. ತಪ್ಪು ಇದ್ದದ್ದು ಅರ್ಧ ಹಲ್ಲಿನಷ್ಟು!

ಸ್ಟಿಕ್ ನಡುವೆ ಇದ್ದಾಗ ಲೆವೆಲರ್ (ಪ್ಲೇಟ್ ಸಮ ಇದೆಯೇ ನೋಡುವ ಸಾಧನ) ಸುತ್ತಲೂ ಪ್ಲೇಟಿಗೆ ಅಂಟಿ ಕೂರುತ್ತಿತ್ತು. ಕಲೆಕ್ಟಿವ್ (ಪ್ಲೇಟನ್ನು ಇಡಿಯಾಗಿ ಮೇಲೆ ಕೆಳಗೆ ಸರಿಸುವ ಆಜ್ಞೆ) ಪೂರ್ತಿ ಏರಿಸಿದರೆ ಎಡ ಸರ್ವೋ (ಪ್ಲೇಟನ್ನು ಸರಿಸುವ ಪುಟ್ಟ ಮೋಟಾರು) ಬದಿ ತಗ್ಗು. ಪೂರ್ತಿ ಇಳಿಸಿದರೂ ಅದೇ ಬದಿ ತಗ್ಗು. ಆ ಸರ್ವೋಗೆ ಟ್ರಾವೆಲ್ (ತಿರುಗುವ ವ್ಯಾಪ್ತಿ) ಹೆಚ್ಚಿಸಿದರೆ ಮೇಲೆ ಸರಿಹೋಗಿ ಕೆಳಗೆ ಇನ್ನಷ್ಟು ಕೆಡುತ್ತಿತ್ತು. ಎರಡು ತುದಿಗೆ ಬೇರೆ ಬೇರೆ ಎಂಡ್‌ಪಾಯಿಂಟ್ (ತಿರುಗುವ ಮಿತಿ) ಕೊಟ್ಟು ಮುಚ್ಚಿಡಬಹುದು ನಿಜ, ಆದರೆ ನಡುದಾರಿಯಲ್ಲಿ ಸ್ವಲ್ಪ ವಾರೆ ಉಳಿದೇ ಉಳಿಯುತ್ತದೆ.

ಗುರುತು ಇಷ್ಟೇ: ಮೇಲೆ ಒಂದು ಬದಿ, ಕೆಳಗೆ ಅದರ ಎದುರು ಬದಿ ತಗ್ಗಿದರೆ ಟ್ರಾವೆಲ್ ಹೊಂದಿಲ್ಲ, ಅಥವಾ ಹಾರ್ನಿನಲ್ಲಿ (ಸರ್ವೋದ ತೋಳು) ಬಾಲ್ (ಲಿಂಕ್ ಸಿಕ್ಕಿಸುವ ಗುಂಡು) ಬೇರೆ ತೂತಿನಲ್ಲಿದೆ. ಎರಡೂ ಕಡೆ ಒಂದೇ ಬದಿ ತಗ್ಗಿದರೆ ನಡುವಿನಲ್ಲಿ ಹಾರ್ನ್ ಲಿಂಕಿಗೆ (ಹಾರ್ನನ್ನು ಪ್ಲೇಟಿಗೆ ಜೋಡಿಸುವ ಕಡ್ಡಿ) 90 ಡಿಗ್ರಿಯಲ್ಲಿಲ್ಲ. ಬಾಲ್ ಇರಬೇಕಾದ್ದಕ್ಕಿಂತ ಮೇಲೆ ನಿಂತಿದೆ. 13 ಮಿ.ಮೀ. ಹಾರ್ನ್ 7 ಡಿಗ್ರಿ ಎತ್ತಿ ನಿಂತು, ಅಲ್ಲಿಂದ ಎರಡೂ ಕಡೆ 35 ಡಿಗ್ರಿ ತಿರುಗಿದರೆ ಎರಡೂ ತುದಿಯಲ್ಲಿ ಸುಮಾರು 0.3 ಮಿ.ಮೀ. ತಗ್ಗು ಬೀಳುತ್ತದೆ. ಕಣ್ಣಿಗೆ ಕಾಣದು, ಲೆವೆಲರ್ ಬಿಡದು.

ಸರ್ವೋ ಗೇರ್ ಬದಲಿಸಿದಾಗ ಹಾರ್ನನ್ನು ಸಿಕ್ಕ ಹಲ್ಲಿಗೆ ಕೂರಿಸಿ, ನಡುವಿನ ವಾರೆಯನ್ನು ಲಿಂಕ್ ಉದ್ದದಿಂದ ತೆಗೆದದ್ದೇ ಎಡವಟ್ಟು. ಕ್ರಮ ತಿರುಗಾಮುರುಗಾ ಆಗಿತ್ತು. ಸಬ್‌ಟ್ರಿಮ್ (ಸರ್ವೋದ ನಡುಸ್ಥಾನವನ್ನು ತುಸು ಜರುಗಿಸುವ ಸೆಟ್ಟಿಂಗ್) ಇರುವುದು ಹಾರ್ನನ್ನು 90ಕ್ಕೆ ತರಲು. ಪ್ಲೇಟ್ ಸಮ ಮಾಡುವುದು ಲಿಂಕ್ ಕೆಲಸ.

25 ಹಲ್ಲಿನ ಸ್ಪ್ಲೈನ್ (ಹಾರ್ನ್ ಕೂರುವ, ಹಲ್ಲಿರುವ ಸರ್ವೋ ದಂಡ) ಅಂದರೆ ಹಲ್ಲಿಗೆ 14.4 ಡಿಗ್ರಿ. ಒಂದೇ ತೋಳಿನ ಹಾರ್ನ್ ಆದರೆ 7.2 ಡಿಗ್ರಿವರೆಗೆ ತಪ್ಪಬಹುದು. ನಾಲ್ಕು ತೋಳಿನ ಪ್ಲಾಸ್ಟಿಕ್ ಹಾರ್ನ್ ತನ್ನಿ: 25 ನಾಲ್ಕರಿಂದ ಭಾಗವಾಗದು, ಹಾಗಾಗಿ ಪ್ರತಿ ತೋಳೂ ಕಾಲು ಹಲ್ಲು, ಅಂದರೆ 3.6 ಡಿಗ್ರಿ, ಜರುಗಿ ನಿಲ್ಲುತ್ತದೆ. ನಾಲ್ಕನ್ನೂ ಹಾಕಿ ನೋಡಿ, 90ಕ್ಕೆ ಹತ್ತಿರದ್ದನ್ನು ಉಳಿಸಿ ಮಿಕ್ಕ ಮೂರನ್ನು ಕತ್ತರಿಸಿ. ತಪ್ಪು ಹೆಚ್ಚೆಂದರೆ 1.8 ಡಿಗ್ರಿ. 24 ಹಲ್ಲಿನ ಸರ್ವೋಗಳಿಗೆ ಈ ಉಪಾಯ ನಡೆಯದು. ನಾಲ್ಕು ತೋಳೂ ಒಂದೇ ಸ್ಥಾನಕ್ಕೆ ಬರುತ್ತವೆ.

ಇದು ಗೊತ್ತಾಗಿದ್ದೂ ಪೇಚಿನಿಂದಲೇ. ಆನ್‌ಲೈನ್ ಅಂಗಡಿಯೊಂದು ಕಳಿಸಿದ ಕವರ್ ಮೇಲೆ 25, ಒಳಗಿನ ಹಾರ್ನಿಗೆ 24. ಒತ್ತಿದರೆ ಅರ್ಧ ಕೂತಿತು, ಸ್ಕ್ರೂ ಬಿಗಿದಾಗ ಬುಡ ಸೀಳಿತು. ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ, ಒಂದು ಹಲ್ಲಿಗೆ ಮಾರ್ಕರ್ ಚುಕ್ಕೆ ಇಟ್ಟು ಎಣಿಸಿದ ಮೇಲೆ ಗುಟ್ಟು ಹೊರಬಿತ್ತು. ಅಂಗಡಿಯ ಉತ್ತರ: "ಎರಡೂ ಒಂದೇ ಸರ್." ಅವರ ಹೆಲಿ ಹಾರುವುದು ಗೋಡೌನಿನಲ್ಲೇ ಇರಬೇಕು.

ಉಳಿದ ತಪ್ಪನ್ನು ಫ್ಲೈಬಾರ್‌ಲೆಸ್ ಯೂನಿಟ್‌ನ (ಹೆಲಿಯನ್ನು ಸ್ಥಿರವಾಗಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸರ್ವೋ ಟ್ರಿಮ್‌ನಲ್ಲೇ ತೆಗೆಯಿರಿ. ಟ್ರಾನ್ಸ್‌ಮಿಟರಿನಲ್ಲಿ ಸಬ್‌ಟ್ರಿಮ್ ಕೊಟ್ಟರೆ ಯೂನಿಟ್ ಅದನ್ನು ಸ್ಟಿಕ್ ಆಜ್ಞೆ ಅಂದುಕೊಳ್ಳುತ್ತದೆ. ಆಮೇಲೆ ಲಿಂಕ್: ಎಂ2 ರಾಡ್‌ನ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 0.4 ಮಿ.ಮೀ. ಬಾಲ್‌ಲಿಂಕ್ ಒಂದೇ ಮುಖದಿಂದ ಕೂರುವಂಥದ್ದಾದರೆ ಅರ್ಧ ಸುತ್ತು ಆಗದು, ಪೂರ್ತಿ ಸುತ್ತೇ ಗತಿ. ಉಳಿದ 0.2 ಮಿ.ಮೀ.ಗೆ ಒಂದು ಡಿಗ್ರಿಗಿಂತ ಕಡಿಮೆ ಟ್ರಿಮ್ ಸಾಕು, ತುದಿಗಳು ಅದಕ್ಕೆ ಜಗ್ಗುವುದಿಲ್ಲ.

ಮುಂದಿನ ಹುಚ್ಚು ಎಚ್‌ಎಎಲ್ ಧ್ರುವ್ ಸ್ಕೇಲ್ ಬಾಡಿ. ನಾಲ್ಕು ಬ್ಲೇಡ್, ನಾಲ್ಕು ಲಿಂಕ್. ಟ್ರ್ಯಾಕಿಂಗ್ (ಎಲ್ಲ ಬ್ಲೇಡೂ ಒಂದೇ ಮಟ್ಟದಲ್ಲಿ ತಿರುಗುವಂತೆ ಮಾಡುವುದು) ತಲೆಬಿಸಿ ಇಮ್ಮಡಿ. ಬಿಗಿ ಹೆಡ್‌ಗೆ ಫೇಸ್ (phase) ಕೋನವನ್ನೂ ಯೂನಿಟ್‌ನಲ್ಲಿ ತಿರುಗಿಸಬೇಕು, ಇಲ್ಲದಿದ್ದರೆ ಎಲಿವೇಟರ್ (ಮುಂದೆ ಹಿಂದೆ ವಾಲಿಸುವ ಆಜ್ಞೆ) ಕೊಟ್ಟರೆ ಹೆಲಿ ಪಕ್ಕಕ್ಕೂ ವಾಲುತ್ತದೆ. ಅದಕ್ಕೆ ಮೊದಲು ಈ 500ರ ಸೈಕ್ಲಿಕ್ (ಪ್ಲೇಟನ್ನು ವಾಲಿಸುವ ಚಲನೆ) ಬಾಕಿ ಇದೆ: ಪೂರ್ತಿ ಕಲೆಕ್ಟಿವ್‌ನಲ್ಲಿ ಬಲಕ್ಕೆ ವಾಲಿಸಿದಾಗ ಒಂದು ಲಿಂಕ್ ಫ್ರೇಮಿಗೆ ಕೂದಲೆಳೆಯಷ್ಟು ಉಜ್ಜುತ್ತಿದೆ.